ಮಕ್ಕಳ ನೀರಿನ ಪ್ರಾಜೆಕ್ಟಿಗೆ ಊರಿನ ತಜ್ಞರ ಅಭಿಪ್ರಾಯ ಪಡೆಯುವುದು ಹೇಗೆ?

ಪ್ರಶ್ನೆ – ವಿಜ್ಞಾನ ಶಿಕ್ಷಕಿ, ಪಾವಗಡ ತಾಲ್ಲೂಕು

ನಮ್ಮ ಪ್ರೌಢಶಾಲೆಯ ಒಂಬತ್ತನೆಯ ತರಗತಿಯ ಮಕ್ಕಳು ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶಕ್ಕೆಂದು ಸುತ್ತಲಿನ ಕೊಳವೆಬಾವಿಗಳ ನೀರಿನಲ್ಲಿರುವ ಫ್ಲೋರೈಡ್ ಕುರಿತು ಅಧ್ಯಯನ ಆರಂಭಿಸಿದ್ದಾರೆ. ನೀರು ಪರೀಕ್ಷಾ ಪ್ರಯೋಗಾಲಯದ ತಂತ್ರಜ್ಞರೊಬ್ಬರು, ಒಬ್ಬ ದಂತವೈದ್ಯೆ ಮತ್ತು ಪಂಚಾಯಿತಿಯ ನೀರುಗಂಟಿ ಬಿಡುವು ಮಾಡಿಕೊಂಡು ಬಂದು ಕೆಲಸವನ್ನು ನೋಡಲು ಒಪ್ಪಿದ್ದಾರೆ. ಇಂಥ ಅತಿಥಿಗಳು ಬಂದಾಗ ಒಂದೋ ಬೆನ್ನು ತಟ್ಟಿ ಹೊರಟುಬಿಡುತ್ತಾರೆ, ಇಲ್ಲವೇ ಪ್ರಾಜೆಕ್ಟನ್ನೇ ತಮ್ಮದಾಗಿಸಿಕೊಳ್ಳುತ್ತಾರೆ. ಎರಡೂ ಆಗದಂತೆ ಅವರನ್ನು ಯಾವಾಗ ಕರೆಯಬೇಕು, ಅವರಿಂದ ಏನನ್ನು ಕೇಳಬೇಕು?

ಉತ್ತರ 1 – ನೀರಿನ ಗುಣಮಟ್ಟ ಪರೀಕ್ಷೆಯ ಕ್ಷೇತ್ರದಲ್ಲಿರುವವರು

ಚಾರ್ಟು ಅಂಟಿಸಿದ ಮೇಲೆ ಕರೆಯಬೇಡಿ. ಮಾದರಿ ಸಂಗ್ರಹಿಸುವ ಮೊದಲೇ ಕರೆಯಿರಿ. ಮುಗಿದ ಕೆಲಸದ ಮೇಲೆ ಹೇಳಿದ ಮಾತು ತೀರ್ಪಾಗುತ್ತದೆಯೇ ಹೊರತು ತಿದ್ದುವುದಕ್ಕೆ ಒದಗುವುದಿಲ್ಲ. ಉದಾಹರಣೆಗೆ, ಅನೇಕ ಶಾಲಾ ತಂಡಗಳು ಅಗ್ಗದ ಟಿಡಿಎಸ್ ಮೀಟರ್ ಹಿಡಿದು ಹೊರಡುತ್ತವೆ. ಅದು ನೀರಿನಲ್ಲಿ ಕರಗಿರುವ ಒಟ್ಟು ಲವಣಗಳ ಅಂದಾಜನ್ನಷ್ಟೇ ಕೊಡುತ್ತದೆ, ಫ್ಲೋರೈಡನ್ನು ತೋರಿಸುವುದಿಲ್ಲ. ಕ್ಯಾಲ್ಸಿಯಂ ಹೆಚ್ಚಿರುವ ಗಡಸು ನೀರಿನಲ್ಲಿ ಫ್ಲೋರೈಡ್ ಕಡಿಮೆ ಇರುವುದೂ ಉಂಟು. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಸ್ವೀಕಾರಾರ್ಹ ಮಿತಿ, ಬೇರೆ ಮೂಲವಿಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಅನುಮತಿಯಿದೆ. ಇಷ್ಟು ಸಣ್ಣ ಅಂತರವನ್ನು ಅಳೆಯಬೇಕಾದಾಗ, ಒಂದೇ ಬಾವಿಯ ನೀರನ್ನು ಎರಡು ಪ್ಲಾಸ್ಟಿಕ್ ಬಾಟಲಿಗಳಲ್ಲಿ ಬೇರೆ ಬೇರೆ ಸಂಖ್ಯೆ ಬರೆದು ಪರೀಕ್ಷಿಸಿದರೆ ತಮ್ಮ ಅಳತೆಯನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದು ಮಕ್ಕಳಿಗೇ ತಿಳಿಯುತ್ತದೆ. ಇದನ್ನೂ ನಾನಾಗಿ ಹೇಳುವುದಕ್ಕಿಂತ, 'ನಿಮ್ಮ ಅಳತೆ ಸರಿಯೆಂದು ಹೇಗೆ ಗೊತ್ತು?' ಎಂದು ಕೇಳಿ ಸುಮ್ಮನಿರುವುದನ್ನೇ ಇಷ್ಟಪಡುತ್ತೇನೆ.

ಉತ್ತರ 2 – ದಂತವೈದ್ಯೆ

ಮೇಲಿನ ಮಾತನ್ನು ಒಪ್ಪುತ್ತೇನೆ. ನನ್ನ ಕ್ಷೇತ್ರದ್ದೊಂದು ಎಚ್ಚರಿಕೆ: ಸಹಪಾಠಿಗಳ ಹಲ್ಲಿನ ಕಲೆಗಳನ್ನು ಇಂದಿನ ಬಾವಿ ನೀರಿನೊಂದಿಗೆ ನೇರವಾಗಿ ಜೋಡಿಸುವ ಆಸೆ ಮಕ್ಕಳಿಗೆ ಬರುತ್ತದೆ. ಫ್ಲೋರೈಡ್ ಅತಿಯಾಗಿ ಹಲ್ಲಿನಲ್ಲಿ ಕಲೆ ಮೂಡುವ ದಂತ ಫ್ಲೋರೋಸಿಸ್ ಉಂಟಾಗುವುದು ಹಲ್ಲು ವಸಡಿನೊಳಗೆ ರೂಪುಗೊಳ್ಳುವ ಎಳೆವಯಸ್ಸಿನಲ್ಲಿ. ಆದ್ದರಿಂದ ಹದಿನಾಲ್ಕರ ಹುಡುಗಿಯ ಬಾಚಿಹಲ್ಲಿನ ಕಲೆ ವರ್ಷಗಳ ಹಿಂದೆ, ಪ್ರಾಯಶಃ ಬೇರೆ ಊರಿನಲ್ಲಿ ಕುಡಿದ ನೀರಿನ ಗುರುತಾಗಿರಬಹುದು. ಎಲ್ಲ ಕಲೆಯೂ ಫ್ಲೋರೋಸಿಸ್ ಅಲ್ಲ. ಪೋಷಕರ ಒಪ್ಪಿಗೆಯಿಲ್ಲದೆ ಯಾರ ಹಲ್ಲಿನ ಫೋಟೋವನ್ನೂ ತೆಗೆಯಬಾರದು, ಚಾರ್ಟಿನಲ್ಲಿ ಹೆಸರು ಹಾಕಲೇಬಾರದು.

ಉತ್ತರ 3 – ಶಾಲಾ ಪ್ರಾಜೆಕ್ಟುಗಳನ್ನು ಬಿಡುವಿನಲ್ಲಿ ನೋಡುವ ಎಂಜಿನಿಯರ್

ಪ್ರಾಜೆಕ್ಟನ್ನು ಅತಿಥಿಗಳು ಕೈಗೆ ತೆಗೆದುಕೊಳ್ಳುವುದಕ್ಕೆ ಮುಖ್ಯ ಕಾರಣ, ಏನನ್ನು ನೋಡಬೇಕೆಂದು ಯಾರೂ ಅವರಿಗೆ ಹೇಳದಿರುವುದು. ಮಕ್ಕಳೇ ತಮ್ಮ ಗೊಂದಲಗಳಲ್ಲಿ ಎರಡನ್ನು ಬರೆದು ಮುಂಚಿತವಾಗಿ ಕಳುಹಿಸಲಿ. ಭೇಟಿಯ ವೇಳೆ ಪೆನ್ನು ಮಕ್ಕಳ ಕೈಯಲ್ಲೇ ಇರಲಿ. ಯಾವ ಸಲಹೆಯನ್ನು ಏಕೆ ಒಪ್ಪಿದೆವು, ಯಾವುದನ್ನು ಏಕೆ ಬಿಟ್ಟೆವು ಎಂದು ದಿನಚರಿ ಪುಸ್ತಕದಲ್ಲಿ ಅವರೇ ದಾಖಲಿಸಲಿ. ನೀರುಗಂಟಿಯನ್ನು ಕೊನೆಗೆ ಉಳಿಸಬೇಡಿ. ಯಾವ ಬಾವಿಯ ನೀರು ಯಾವ ಟ್ಯಾಂಕಿಗೆ ಸೇರುತ್ತದೆ, ಯಾವ ತಿಂಗಳು ಯಾವ ಮೋಟಾರು ನಿಲ್ಲುತ್ತದೆ ಎಂಬುದನ್ನು ಬಲ್ಲವರು ಅವರೊಬ್ಬರೇ ಆಗಿರಬಹುದು, ಮತ್ತು ಆ ಮಾಹಿತಿಯಿಲ್ಲದೆ ನಲ್ಲಿಯಲ್ಲಿ ಹಿಡಿದ ಮಾದರಿ ಯಾವ ಬಾವಿಯದೆಂದೇ ಹೇಳಲಾಗದು.