‘ಲುಕ್’ಗೆ ಅಂಟುವ ಬಾಲಗಳು: ಉರು ಹೊಡೆಯಲೇ, ಓದುತ್ತಾ ಕಲಿಯಲೇ?

ಮುಂಗಾರು (ಪ್ರಶ್ನೆ)
‘ಲುಕ್ ಅಟ್’, ‘ಲುಕ್ ಫಾರ್’, ‘ಲುಕ್ ಆಫ್ಟರ್’ ಇವೆಲ್ಲ ಓದುವಾಗ ಅರ್ಥವಾಗುತ್ತವೆ. ಬರೆಯಲು ಕುಳಿತರೆ ಕೈ ನಿಲ್ಲುತ್ತದೆ. ಪತ್ರದ ಕೊನೆಯಲ್ಲಿ ‘ಲುಕ್ ಫಾರ್ವರ್ಡ್ ಟು ಮೀಟ್’ ಎನ್ನಬೇಕೋ ‘ಮೀಟಿಂಗ್’ ಎನ್ನಬೇಕೋ? ನಮ್ಮ ಕಚೇರಿಯಲ್ಲಿ ಎರಡನ್ನೂ ಬರೆಯುವವರಿದ್ದಾರೆ. ಪಟ್ಟಿ ಮಾಡಿ ಉರು ಹೊಡೆದವರು, ಹೊಡೆಯದೆ ಕಲಿತವರು ತಮ್ಮ ಅನುಭವ ಹೇಳುತ್ತೀರಾ? ಹತ್ತಿರದಲ್ಲೇ ಒಂದು ಸಂದರ್ಶನವಿದೆ.

ಇರುಳುಹಕ್ಕಿ
ಉರು ಹೊಡೆಯಿರಿ, ಬೇರೆ ದಾರಿಯಿಲ್ಲ. ನಾನು ಹೊಡೆದಿದ್ದೇನೆ, ಈಗಲೂ ಹೊಡೆಯುತ್ತೇನೆ. ಆದರೆ ಅಕಾರಾದಿ ಪಟ್ಟಿಗಳನ್ನು ಮುಟ್ಟಬೇಡಿ. ಅವುಗಳಲ್ಲಿ ‘ಲುಕ್ ಅಪ್’, ‘ಲುಕ್ ಅಪ್ ಟು’ ಒಂದರ ಕೆಳಗೊಂದು ಕುಳಿತಿರುತ್ತವೆ. ಒಂದು ನಿಘಂಟಿನಲ್ಲಿ ಹುಡುಕುವುದು, ಇನ್ನೊಂದು ಯಾರನ್ನೋ ಗೌರವಿಸುವುದು. ಒಟ್ಟಿಗೆ ಕಲಿತರೆ ಜನ್ಮವಿಡೀ ಅದಲುಬದಲಾಗುತ್ತವೆ. ನನ್ನ ಇಡೀ ಒಂದು ರಜೆ ಹಾಗೇ ಹಾಳಾಯಿತು. ಆಮೇಲೆ ಆ ನೋಟ್‌ಬುಕ್ ಬದಿಗಿಟ್ಟು, ಮುಂದೆ ಏನು ಬರುತ್ತದೆ ಎಂಬುದರ ಮೇಲೆ ಹೊಸ ಪಟ್ಟಿ ಕಟ್ಟಿದೆ. ಮಗು, ಮುದುಕರು, ಮನೆ, ಬೆಕ್ಕು ಇದ್ದ ಪುಟದಲ್ಲಿ ‘ಲುಕ್ ಆಫ್ಟರ್’. ಕಳೆದುಹೋದ ಕೀಲಿಕೈ, ಕೆಲಸ, ಬಾಡಿಗೆ ಮನೆ ಇದ್ದ ಪುಟದಲ್ಲಿ ‘ಲುಕ್ ಫಾರ್’. ದೂರು, ಅಪಘಾತ, ಲೆಕ್ಕದ ಗೋಲ್‌ಮಾಲ್ ಇದ್ದಲ್ಲಿ ‘ಲುಕ್ ಇನ್‌ಟು’. ಸಹೋದ್ಯೋಗಿಗಳು ‘ಒಂದನೇ ತರಗತಿಗೆ ಸೇರಿದ್ದೀಯಾ’ ಎಂದು ನಗುತ್ತಿದ್ದರು. ಅವರ ಪತ್ರಗಳನ್ನು ಈಗ ನಾನೇ ತಿದ್ದುತ್ತಿದ್ದೇನೆ.

ಕರಡಮ್ಮ
ಇರುಳುಹಕ್ಕಿಯವರೇ, ನಿಮ್ಮ ಪುಟಗಳಲ್ಲಿ ‘ಓವರ್’ ಎಲ್ಲಿತ್ತು? ಪಟ್ಟಿಯೆಂದರೆ ನನಗೆ ಮೈ ಉರಿಯುತ್ತದೆ. ಪಟ್ಟಿ ಕಲಿತು ಬಂದ ಸಹೋದ್ಯೋಗಿಯೊಬ್ಬರು ಗ್ರಾಹಕರಿಗೆ ‘ಐ ಹ್ಯಾವ್ ಓವರ್‌ಲುಕ್ಡ್ ದ ಕಾಂಟ್ರ್ಯಾಕ್ಟ್’ ಎಂದು ಬರೆದರು. ಕರಾರಿನ ಮೇಲೆ ಕಣ್ಣಾಡಿಸಿದ್ದೇನೆ ಎನ್ನುವುದು ಅವರ ಉದ್ದೇಶ. ಅದಕ್ಕೆ ‘ಲುಕ್ಡ್ ಓವರ್’ ಎನ್ನಬೇಕು. ಅವರು ಬರೆದದ್ದಕ್ಕೆ, ಕರಾರನ್ನು ಗಮನಿಸದೆ ಬಿಟ್ಟುಬಿಟ್ಟೆ ಎಂದರ್ಥ. ಮೊದಲು ಫೋನ್ ಬಂತು. ಬಳಿಕ ಕಟುವಾದ ಪತ್ರ, ಅದರ ಪ್ರತಿ ನೇರ ಮೇಲಧಿಕಾರಿಗೆ. ಬಳಿಕ ಕರಾರಿನ ಒಂದೊಂದು ಷರತ್ತನ್ನೂ ಗಟ್ಟಿಯಾಗಿ ಓದಿ ಒಪ್ಪಿಸುವ ಸಭೆ. ಸಹಿ ಬೀಳಬೇಕಿದ್ದ ದಿನ ಜಾರಿತು, ಮುಂದಿನ ಕೆಲಸ ನಿಂತಿತು, ಹಣ ತಡವಾಯಿತು. ಕ್ಷಮಾಪಣೆಯ ಕರಡು ಬರೆಯುವ ಭಾಗ್ಯ ನನ್ನದು! ಅಂದಿನಿಂದ ನಾನು ಪಟ್ಟಿಯ ತಂಟೆಗೆ ಹೋಗಿಲ್ಲ. ಇಡೀ ವಾಕ್ಯ ಓದುತ್ತೇನೆ, ಇಡೀ ವಾಕ್ಯವನ್ನೇ ಬರೆದುಕೊಳ್ಳುತ್ತೇನೆ.

ಹಳೆಯ ಮೇಷ್ಟ್ರು
ಇಬ್ಬರೂ ಬುಡ ಬಿಟ್ಟು ಕೊಂಬೆ ಹಿಡಿದಿದ್ದೀರಿ. ‘ಲುಕ್ ಅಪ್ ದ ವರ್ಡ್’ ಎನ್ನುವಲ್ಲಿ ‘ಅಪ್’ ನಾಮಪದಕ್ಕೆ ಮೊದಲು ನಿಂತು ಅದಕ್ಕೆ ಅಂಟುವ ಪ್ರಿಪೊಸಿಷನ್ ಅಲ್ಲವೇ ಅಲ್ಲ, ಕ್ರಿಯಾಪದಕ್ಕೆ ಅಂಟುವ ಕ್ರಿಯಾವಿಶೇಷಣ. ‘ದ ವರ್ಡ್’ ತೆಗೆದು ‘ಇಟ್’ ಹಾಕಿ ನೋಡಿ. ‘ಲುಕ್ ಇಟ್ ಅಪ್’ ಎನ್ನುತ್ತಾರೆ, ‘ಲುಕ್ ಅಪ್ ಇಟ್’ ಎನ್ನುವುದಿಲ್ಲ. ‘ಆಫ್ಟರ್’ನಲ್ಲಿ ತಿರುಗುಮುರುಗು: ‘ಲುಕ್ ಆಫ್ಟರ್ ಇಟ್’ ಮಾತ್ರ ಸರಿ, ‘ಲುಕ್ ಇಟ್ ಆಫ್ಟರ್’ ಎಂದವರನ್ನು ನಾನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಇನ್ನು ಚಿಮಣಿಯೊಳಗೆ ತಲೆಯೆತ್ತಿ ನೋಡಿದರೆ ‘ಲುಕ್ ಅಪ್ ದ ಚಿಮ್ನಿ’. ಅಲ್ಲಿರುವ ‘ಅಪ್’ ಅಪ್ಪಟ ಪ್ರಿಪೊಸಿಷನ್. ‘ಲುಕ್ ದ ಚಿಮ್ನಿ ಅಪ್’ ಎಂದರೆ ಚಿಮಣಿಯನ್ನು ನಿಘಂಟಿನಲ್ಲಿ ಹುಡುಕಿದಂತೆ. ಇಷ್ಟು ಕಲಿಸಲು ನನಗೆ ಒಂದು ಪೀರಿಯಡ್ ಸಾಕಾಗುತ್ತಿತ್ತು. ಆಮೇಲೆ ಪಠ್ಯದಿಂದ ವ್ಯಾಕರಣ ಕಿತ್ತುಹಾಕಿ ‘ಸಂವಹನ’ ತಂದರು. ಫಲ ಕಣ್ಣೆದುರಿಗಿದೆ.

ಇರುಳುಹಕ್ಕಿ
ಮೇಷ್ಟ್ರೇ, ಅದಕ್ಕೆ ಕ್ರಿಯಾವಿಶೇಷಣ ಎಂದು ಹೆಸರಿಟ್ಟರೆ ಬರೆಯುವವನಿಗೆ ಸಿಕ್ಕಿದ್ದೇನು? ಬೆಂಚಿನ ಮೇಲೆ ನಿಂತವರಲ್ಲಿ ನಾನೂ ಒಬ್ಬ, ಬೇರೆ ಶಾಲೆಯಲ್ಲಿ. ಕಾಲು ನೋಯಿತು, ಇಂಗ್ಲಿಷ್ ಬರಲಿಲ್ಲ.

ಕಿಟಕಿಪಕ್ಕ
ನನ್ನ ಗಾಯವೇ ಬೇರೆ. ಪರೀಕ್ಷೆಯಲ್ಲಿ ‘ಶಿ ಲುಕ್ಡ್ ಔಟ್ ದ ವಿಂಡೋ’ ಎಂದು ಬರೆದೆ. ‘ಔಟ್ ಆಫ್’ ಇರಬೇಕು ಎಂದು ಕೆಂಪು ಗೀಟು. ಅಮೆರಿಕದವರು ‘ಆಫ್’ ಇಲ್ಲದೆಯೇ ಧಾರಾಳವಾಗಿ ಬರೆಯುತ್ತಾರೆ, ‘ಆಫ್’ ಬೇಕೆನ್ನುವುದು ಬ್ರಿಟನ್ನಿನ ರೂಢಿ. ಮರುಮೌಲ್ಯಮಾಪನಕ್ಕೆ ಶುಲ್ಕ ಕಟ್ಟಿದೆ. ಉತ್ತರ ಪತ್ರಿಕೆಯ ನಕಲಿಗೆ ಮತ್ತೆ ಶುಲ್ಕ. ನಿಘಂಟಿನ ಪುಟಗಳನ್ನು ಲಗತ್ತಿಸಿದೆ, ಸಾಲಿನ ಕೆಳಗೆ ಗೆರೆ ಎಳೆದೇ ಕಳುಹಿಸಿದೆ. ‘ಬದಲಾವಣೆ ಇಲ್ಲ’ ಎಂಬ ಒಂದೇ ಸಾಲಿನ ಉತ್ತರ ಬಂತು. ಆ ಅಂಕ ಸಿಕ್ಕಿದ್ದರೆ ನನಗೆ ಪ್ರಥಮ ದರ್ಜೆ. ಯಾವ ದೇಶದ ಇಂಗ್ಲಿಷ್ ಎಂದು ಮೊದಲು ತೀರ್ಮಾನಿಸಿ, ಪಟ್ಟಿಯ ಮಾತು ಆಮೇಲೆ.

ಹಳೆಯ ಮೇಷ್ಟ್ರು
ಗೀಟು ಸರಿಯಾಗಿಯೇ ಬಿದ್ದಿದೆ. ಇಂದು ‘ಆಫ್’ ನುಂಗುವವರು ನಾಳೆ ‘ಹೂ ಡು ಯು ಲುಕ್ ಅಪ್ ಟು’ ಎಂದು ವಾಕ್ಯವನ್ನೇ ಪ್ರಿಪೊಸಿಷನ್‌ನಲ್ಲಿ ಮುಗಿಸುತ್ತಾರೆ.

ಕರಡಮ್ಮ
ಮುಗಿಸಲಿ, ಏನೀಗ? ಇಂಗ್ಲಿಷ್ ಕವಿ ಜಾನ್ ಡ್ರೈಡನ್ 1672ರಲ್ಲಿ ನಾಟಕಕಾರ ಬೆನ್ ಜಾನ್ಸನ್‌ನ ಬರಹದಲ್ಲಿ ಇದೇ ಹುಳುಕು ಹಿಡಿದ. ಪಾಪ, ಜಾನ್ಸನ್ ತೀರಿಕೊಂಡು ಆಗಲೇ ಮೂರು ದಶಕ ಕಳೆದಿತ್ತು, ಉತ್ತರ ಕೊಡುವವರು ಯಾರು? 1926ರಲ್ಲಿ ಇಂಗ್ಲಿಷ್ ಬಳಕೆಯ ನಿಘಂಟು ಬರೆದ ಫೌಲರ್ ಈ ನಿಷೇಧವನ್ನು ಮೂಢನಂಬಿಕೆ ಎಂದೇ ಕರೆದರು. ‘ಟು ಹೂಮ್ ಡು ಯು ಲುಕ್ ಅಪ್’ ಎಂದು ಸಂದರ್ಶನದಲ್ಲಿ ಕೇಳಿದರೆ ಎದುರಿಗಿದ್ದವರು ಸೂರು ನೋಡಿಯಾರು.

ಮುಂಗಾರು
ಕ್ಷಮಿಸಿ, ‘ಮೀಟ್’ ಸರಿಯೋ, ‘ಮೀಟಿಂಗ್’ ಸರಿಯೋ?

ಕರಡಮ್ಮ
‘ಮೀಟಿಂಗ್’. ‘ಲುಕ್ ಫಾರ್ವರ್ಡ್ ಟು ಇಟ್’ ಎನ್ನಬಹುದು, ‘ವಾಂಟ್ ಟು ಇಟ್’ ಎನ್ನಲಾಗದು. ಅಂದರೆ ಇಲ್ಲಿನ ‘ಟು’ ನಾಮಪದ ಬೇಡುತ್ತದೆ, ಕ್ರಿಯಾಪದ ಬಂದರೆ ‘ಇಂಗ್’ ತೊಟ್ಟೇ ಬರಬೇಕು. ಆದರೆ ‘ಫಾರ್ವರ್ಡ್’ ಇಲ್ಲದ ‘ವಿ ಆರ್ ಲುಕಿಂಗ್ ಟು ಹೈರ್’ ಎಂಬಲ್ಲಿ ‘ಹೈರಿಂಗ್’ ಎಂದೀರಿ, ಜೋಕೆ. ಅದು ನೇಮಿಸಿಕೊಳ್ಳುವ ಯೋಚನೆಯಲ್ಲಿದ್ದೇವೆ ಎನ್ನುವ ಮಾತು. ಪರಿಚಯವಿಲ್ಲದವರಿಗೆ ‘ಐ ಲುಕ್ ಫಾರ್ವರ್ಡ್’ ಎನ್ನಿ. ‘ಐ ಆಮ್ ಲುಕಿಂಗ್ ಫಾರ್ವರ್ಡ್’ ಎಂಬುದರಲ್ಲಿ ಸ್ವಲ್ಪ ಸಲುಗೆಯಿದೆ.

ಇರುಳುಹಕ್ಕಿ
ಇದನ್ನೇ ಒಂದು ಪುಟದಲ್ಲಿ ಬರೆದಿಟ್ಟುಕೊಂಡರೆ ಅದಕ್ಕೆ ಪಟ್ಟಿ ಎನ್ನುತ್ತಾರೆ, ಮೇಡಂ.

ಕಿಟಕಿಪಕ್ಕ
ಕನ್ನಡದ ‘ನೋಡು’ ಏನು ಕಡಿಮೆಯೇ? ‘ಮಗುವನ್ನು ನೋಡಿಕೊಳ್ಳುತ್ತೇನೆ’ ಎಂದರೆ ಆರೈಕೆ, ‘ನಿನ್ನನ್ನು ಆಮೇಲೆ ನೋಡಿಕೊಳ್ಳುತ್ತೇನೆ’ ಎಂದರೆ ಬೆದರಿಕೆ. ನಮಗೆ ಇದನ್ನು ಯಾರು ಪಟ್ಟಿ ಕೊಟ್ಟು ಕಲಿಸಿದರು?

ಹಳೆಯ ಮೇಷ್ಟ್ರು
ಅಲ್ಲಿರುವ ‘ಕೊಳ್ಳು’ ಸಹಾಯಕ ಕ್ರಿಯಾಪದ. ಅದನ್ನು ಪ್ರಿಪೊಸಿಷನ್ ಜೊತೆ ಸೇರಿಸಿ ಮಾತನಾಡುವುದು ಅಪಚಾರ.

ಕಿಟಕಿಪಕ್ಕ
ಅದು ಪ್ರಿಪೊಸಿಷನ್ ಎಂದು ನಾನು ಎಲ್ಲಿ ಬರೆದಿದ್ದೇನೆ? ತೋರಿಸಿ. ಆ ಗೀಟು ಎಳೆದವರು ನೀವೇ ಇರಬೇಕು.

ಹಳೆಯ ಮೇಷ್ಟ್ರು
ನಾನಾಗಿದ್ದರೆ ಕೈಬರಹಕ್ಕೂ ಒಂದು ಅಂಕ ಕಡಿಯುತ್ತಿದ್ದೆ.