ಪದಚರ್ಚೆ: ಆಕ್ಟಿವಿಟಿ, ಫ್ಯುಗಾಸಿಟಿ – ಸೋಮವಾರದೊಳಗೆ ಬೇಕು

ಎಲ್ಲರಿಗೂ ನಮಸ್ಕಾರ.

ಎಂ.ಎಸ್ಸಿ. ಭೌತ ರಸಾಯನವಿಜ್ಞಾನದ ಪ್ರಯೋಗ ಕೈಪಿಡಿಯೊಂದರ ಕನ್ನಡ ಪಾಠ ಸೋಮವಾರ ಅಚ್ಚಿಗೆ ಹೋಗಬೇಕು. ಎರಡು ಪದ ಇತ್ಯರ್ಥವಾಗಿಲ್ಲ: ಆಕ್ಟಿವಿಟಿ (ದ್ರಾವಣದ ಲೆಕ್ಕದಲ್ಲಿ ಸಾಂದ್ರತೆಯ ಬದಲು ಬಳಸುವ ತಿದ್ದಿದ ಬೆಲೆ), ಫ್ಯುಗಾಸಿಟಿ (ಅನಿಲದ ಲೆಕ್ಕದಲ್ಲಿ ಒತ್ತಡದ ಬದಲು ಬಳಸುವ ತಿದ್ದಿದ ಬೆಲೆ). ಎರಡರ ಬೆನ್ನಿಗೂ ‘ಗುಣಾಂಕ’ ಬರುತ್ತದೆ, ಆದ್ದರಿಂದ ಸಮಾಸಕ್ಕೆ ಒಗ್ಗುವ ಪದವೇ ಆಗಬೇಕು. ಕರಡಿನಲ್ಲಿ ಸದ್ಯಕ್ಕೆ ‘ಸಕ್ರಿಯತೆ’, ‘ಪರಿಣಾಮಕಾರಿ ಒತ್ತಡ’ ಎಂದಿದೆ. ಸಾಲು ಹೀಗಿದೆ:

“ಹೈಡ್ರೋಜನ್ ವಿದ್ಯುದ್ವಾರವನ್ನೂ ಸಿಲ್ವರ್–ಸಿಲ್ವರ್ ಕ್ಲೋರೈಡ್ ವಿದ್ಯುದ್ವಾರವನ್ನೂ ಒಂದೇ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಿ, 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೋಶದ ವಿದ್ಯುಚ್ಚಾಲಕ ಬಲವನ್ನು ಅಳೆಯಿರಿ. ಆಮ್ಲದ ಸಾಂದ್ರತೆಯಿಂದ ಸರಾಸರಿ ಸಕ್ರಿಯತಾ ಗುಣಾಂಕವನ್ನು ಲೆಕ್ಕಹಾಕಿ.”

ಮುಂದಿನ ಅಧ್ಯಾಯದಲ್ಲಿ ‘ಸಕ್ರಿಯಣ ಶಕ್ತಿ’ (ರಾಸಾಯನಿಕ ಕ್ರಿಯೆ ನಡೆಯಲು ಬೇಕಾದ ಕನಿಷ್ಠ ಶಕ್ತಿ) ಬರುತ್ತದೆ. ಅದರೊಂದಿಗೆ ಗೊಂದಲವಾಗಬಾರದು.

— ಪ್ರಶ್ನೆ ಕೇಳಿದವರು

*

ಸಕ್ರಿಯತೆ ಬೇಡ. ನೀವೇ ಹೇಳಿದ ಕಾರಣ ಸಾಕು. ‘ಪಟುತ್ವ’ ಹಾಕಿ: ಪಟುತ್ವ, ಪಟುತ್ವ ಗುಣಾಂಕ. ವಿಕಿರಣಪಟುತ್ವವನ್ನು ಹೈಸ್ಕೂಲಿನಲ್ಲೇ ಓದಿರುತ್ತಾರೆ. ಅದೇ ಕೋಶದಲ್ಲಿ ಘನರೂಪದ ಸಿಲ್ವರ್ ಕ್ಲೋರೈಡಿನ ಆಕ್ಟಿವಿಟಿ 1 ಎಂದು ಬರೆಯುತ್ತೀರಿ. ‘ಸಕ್ರಿಯತೆ 1’ ಎಂದರೆ ಅದು ಭಾರಿ ಚುರುಕಾಗಿ ವರ್ತಿಸುತ್ತಿದೆ ಎಂದೇ ಓದುವವರು ತಿಳಿಯುತ್ತಾರೆ. ಅದಕ್ಕೆ ಆ ಅರ್ಥವೇ ಇಲ್ಲ. ಶುದ್ಧ ಘನವನ್ನು ಪ್ರಮಾಣಸ್ಥಿತಿಯಾಗಿ, ಅಂದರೆ ಹೋಲಿಕೆಯ ಆಧಾರವಾಗಿ, ಆರಿಸಿಕೊಂಡಿದ್ದೇವೆ, ಅಷ್ಟೆ.

ಇನ್ನೊಂದು: ‘ಸಾಂದ್ರತೆ’ ತೆಗೆಯಿರಿ. ಹಿಂದಿಯಲ್ಲಿ ಅದು ದ್ರಾವಣದ ಪ್ರಬಲತೆ. ನಮ್ಮ ಪಠ್ಯಗಳಲ್ಲಿ ರಾಶಿಯನ್ನು ಗಾತ್ರದಿಂದ ಭಾಗಿಸಿದ್ದು. ಇಲ್ಲಿ ಬೇಕಾದ್ದು ‘ಸಾರತೆ’. ಈ ಪ್ರಯೋಗಕ್ಕಂತೂ ‘ಮೊಲ್ಯಾಲಿಟಿ’ ಎಂದೇ ಬರೆಯಬೇಕು, ಒಂದು ಕಿಲೋಗ್ರಾಂ ನೀರಿಗೆ ಇಷ್ಟು ಮೋಲ್ ಎಂದು.

— ಮೈಸೂರಿನಿಂದ

*

ಪಟುತ್ವ ಎಂದರೆ ನುರಿತವರ ಜಾಣ್ಮೆ. ವಾಕ್ಪಟು, ಕ್ರೀಡಾಪಟು. ಉಪ್ಪಿಗೆ ಯಾವ ಜಾಣ್ಮೆ? ಒಂದು ಸಕ್ಕದ (ಸಂಸ್ಕೃತ) ಪದ ಬೇಡವೆಂದು ಇನ್ನೊಂದು ಸಕ್ಕದ ಪದ ತರುವುದರಲ್ಲಿ ಗಳಿಕೆ ಏನೂ ಇಲ್ಲ. ದುಡಿಮೆ, ಒಲುಮೆ, ತಾಳ್ಮೆ ಕಟ್ಟಿದ ‘-ಮೆ’ ಇನ್ನೂ ಬದುಕಿದೆ. ಆಕ್ಟಿವಿಟಿಗೆ ‘ಎಸಕತನ’, ಫ್ಯುಗಾಸಿಟಿಗೆ ‘ನುಸುಳುಮೆ’. ಕೇಳಿದೊಡನೆ ತಿಳಿಯುತ್ತದೆ.

— ಶಿವಮೊಗ್ಗದಿಂದ

*

ನುಸುಳುಮೆ ಸಲ್ಲದು. ಸೂಜಿಮೊನೆಯಷ್ಟು ರಂಧ್ರದಿಂದ ಅನಿಲ ನುಸುಳುವುದು ಗ್ರಹಾಂ ನಿಯಮದ ವಿಷಯ; ಅದು ವೇಗ, ಅಣುತೂಕದ ವರ್ಗಮೂಲಕ್ಕೆ ವಿಲೋಮ. ಫ್ಯುಗಾಸಿಟಿ ವೇಗವಲ್ಲ. ‘ಹಾರು’ ಧಾತುವೂ ಬೇಡ, ಅದು ಬಾಷ್ಪಶೀಲತೆಯ ಕಡೆ ಎಳೆಯುತ್ತದೆ.

‘ಪರಿಣಾಮಕಾರಿ ಒತ್ತಡ’ ಒಂದು ವಿವರಣೆ, ಪಾರಿಭಾಷಿಕ ಪದವಲ್ಲ. 0 ಡಿಗ್ರಿಯಲ್ಲಿ ನೈಟ್ರೋಜನ್ ನೋಡಿ: 100 ಅಟ್ಮಾಸ್ಫಿಯರ್ ಒತ್ತಡದಲ್ಲಿ ಫ್ಯುಗಾಸಿಟಿ 97, 1000 ಅಟ್ಮಾಸ್ಫಿಯರಿನಲ್ಲಿ 1839. ಒತ್ತಡಮಾಪಕ 1000 ತೋರಿಸುವಾಗ ‘ಪರಿಣಾಮಕಾರಿ ಒತ್ತಡ 1839’ ಎಂದು ಬರೆದರೆ ವಿದ್ಯಾರ್ಥಿ ಎರಡರಲ್ಲೊಂದು ತಪ್ಪೆಂದು ತಿಳಿಯುತ್ತಾನೆ. ಕಡಿಮೆ ಒತ್ತಡದಲ್ಲಿ ಅಣುಗಳ ಆಕರ್ಷಣೆ ಮೇಲುಗೈಯಾಗಿ ಬೆಲೆ ತುಸು ತಗ್ಗುತ್ತದೆ. ಒತ್ತೊತ್ತಾಗಿ ತುರುಕಿದಾಗ ವಿಕರ್ಷಣೆ ಗೆದ್ದು, ಪ್ರಾವಸ್ಥೆ (ಘನ, ದ್ರವ, ಅನಿಲ ರೂಪ) ಬಿಟ್ಟು ಹೋಗುವ ಒಲವು ಏರುತ್ತದೆ. ಅಮೆರಿಕದ ರಸಾಯನವಿಜ್ಞಾನಿ ಲೂಯಿಸ್ 1901ರಲ್ಲಿ ಫ್ಯುಗಾಸಿಟಿ ಪದ ತಂದದ್ದು ‘ಓಡಿಹೋಗು’ ಎಂಬ ಲ್ಯಾಟಿನ್ ಧಾತುವಿನಿಂದ; ಆಕ್ಟಿವಿಟಿ ಬಂದದ್ದು 1907ರಲ್ಲಿ. ಆ ಅರ್ಥ ಉಳಿಸುವುದಾದರೆ ‘ಪಲಾಯನಶೀಲತೆ’. ಉದ್ದವಾಯಿತೆಂದರೆ ‘ಪರಾರಿತನ’ವೂ ನಡೆದೀತು.

— ಧಾರವಾಡದಿಂದ

*

ಪರಾರಿತನ? ಅದಕ್ಕೂ ಪಲಾಯನಕ್ಕೂ ನಂಟಿಲ್ಲ. ಪಲಾಯನ ಎಂದರೆ ಪರಾ + ಅಯನ. ‘ಅಯ್’ ಧಾತು ಮುಂದಿರುವಾಗ ಉಪಸರ್ಗದ ರಕಾರ ಲಕಾರವಾಗುತ್ತದೆ, ಪಾಣಿನಿ 8.2.19. ‘ಪರಾರಿ’ ಅರಬ್ಬಿಯ ‘ಫರಾರ್’, ಪಾರಸಿಯ ಮೂಲಕ ಬಂದದ್ದು. ಕಿವಿಗೆ ಒಂದೇ ಎಂದು ಒಂದರ ಬದಲು ಇನ್ನೊಂದನ್ನು ಹಾಕಬೇಡಿ.

— ಉಡುಪಿಯಿಂದ

*

ಮೂಲ ಅರಬ್ಬಿಯಾದರೇನು? ಅರ್ಜಿ, ದಾಖಲೆ, ಹಾಜರಿ ಬಿಟ್ಟು ಒಂದು ದಿನ ಕಳೆಯಲಾಗದವರು ಪರಾರಿಗೆ ಬೇಲಿ ಹಾಕುವುದು ನ್ಯಾಯವಲ್ಲ. ನನ್ನ ತಕರಾರು ಬೇರೆ: ಪರಾರಿ ಎಂದೊಡನೆ ಪೊಲೀಸು, ಆರೋಪಿ ಕಣ್ಣಿಗೆ ಬರುತ್ತಾರೆ. ಪಲಾಯನಕ್ಕೂ ಸೋತ ಸೈನ್ಯದ ವಾಸನೆ ಇದೆ.

ಜರ್ಮನ್ ಭೌತವಿಜ್ಞಾನಿ ಕ್ಲೌಸಿಯಸ್ 1865ರಲ್ಲಿ ಗ್ರೀಕಿನಿಂದ ಕಟ್ಟಿದ ‘ಎಂಟ್ರೊಪಿ’ಯನ್ನು ಎಲ್ಲರೂ ಹಾಗೇ ಬರೆಯುತ್ತೇವೆ. ಅಯಾನು, ಮೋಲ್ ನಮ್ಮ ವಿಭಕ್ತಿ ಹಚ್ಚಿಕೊಂಡು ನಮ್ಮವೇ ಆಗಿವೆ. ‘ಫ್ಯುಗಾಸಿಟಿ’ಯನ್ನೂ ಹಾಗೇ ಬಿಡಿ. ಫ್ಯುಗಾಸಿಟಿಯನ್ನು, ಫ್ಯುಗಾಸಿಟಿಗೆ, ಫ್ಯುಗಾಸಿಟಿ ಗುಣಾಂಕ: ಎಲ್ಲೂ ತೊಡಕಿಲ್ಲ.

— ಕಲಬುರಗಿಯಿಂದ

*

ಇದೇ ಸೋಮಾರಿತನ. ಇಂದು ಒಂದು ಪದ ಬಿಟ್ಟರೆ ನಾಳೆ ವಾಕ್ಯದಲ್ಲಿ ಕನ್ನಡವಾಗಿ ಉಳಿಯುವುದು ‘ಅನ್ನು, ಇಗೆ, ಅಲ್ಲಿ’ ಮಾತ್ರ. ಎಸಕತನದಲ್ಲಿ ಏನು ತಪ್ಪೆಂದು ಇನ್ನೂ ಯಾರೂ ಹೇಳಿಲ್ಲ.

— ಶಿವಮೊಗ್ಗದಿಂದ

*

ಹೇಳುತ್ತೇನೆ. ‘ಎಸಕ’ ವ್ಯಾಕರಣದಲ್ಲಿ ಕ್ರಿಯೆಗೆ ಬಳಕೆಯಾಗುತ್ತಿದೆ. ರಸಾಯನದಲ್ಲೂ ಅದು ಕ್ರಿಯೆಯ ಕಡೆಗೇ ವಾಲುತ್ತದೆ, ಮತ್ತೆ ಸಕ್ರಿಯತೆಯ ಗುಂಡಿಗೇ ಬಿದ್ದಂತೆ. ಪಟುತ್ವಕ್ಕೂ ಒಂದು ತೊಡಕಿದೆ, ಮುಚ್ಚಿಡುವುದಿಲ್ಲ: ವಿಕಿರಣ ರಸಾಯನದಲ್ಲಿ ಬೆಕರೆಲ್ ಎಂಬ ಏಕಮಾನದಲ್ಲಿ ಅಳೆಯುವುದೂ ಪಟುತ್ವವೇ. ಆದರೆ ಅದಕ್ಕೆ ಏಕಮಾನವಿದೆ, ಇದಕ್ಕಿಲ್ಲ. ಎರಡೂ ಒಂದೇ ವಾಕ್ಯದಲ್ಲಿ ಬರುವ ಪ್ರಸಂಗ ಅಪರೂಪ.

ಪದಕ್ಕಿಂತ ದೊಡ್ಡ ದೋಷ ಆ ಸಾಲಿನಲ್ಲಿದೆ. ‘ಸಾಂದ್ರತೆಯಿಂದ ಗುಣಾಂಕವನ್ನು ಲೆಕ್ಕಹಾಕಿ’ ಎಂದರೆ ಗುಣಾಂಕ ಬರುವುದಿಲ್ಲ. ಕೋಶದ ಪ್ರಮಾಣ ವಿಭವ 0.2224 ವೋಲ್ಟ್, ಪ್ರವಣತೆ (ಗುಣಾಂಕ 1 ಇದ್ದು ಮೊಲ್ಯಾಲಿಟಿ ಹತ್ತು ಪಟ್ಟಾದಾಗ ಆಗುವ ಇಳಿಕೆ) 0.1183 ವೋಲ್ಟ್. 0.1 ಮೊಲ್ಯಾಲ್ ಆಮ್ಲಕ್ಕೆ ಗುಣಾಂಕವನ್ನು 1 ಎಂದಿಟ್ಟರೆ 0.3407 ವೋಲ್ಟ್ ಬರಬೇಕು. ಅಳೆದಾಗ ಸಿಗುವುದು 0.3524. ಈ 11.7 ಮಿಲಿವೋಲ್ಟ್ ಅಂತರವನ್ನು 118.3ರಿಂದ ಭಾಗಿಸಿದರೆ ಗುಣಾಂಕದ ಲಾಗ್, ಋಣ ಚಿಹ್ನೆಯೊಂದಿಗೆ. ಬೆಲೆ ಸುಮಾರು 0.796. ತೀರಾ ತೆಳು ದ್ರಾವಣಕ್ಕಷ್ಟೇ ಹೊಂದುವ ಡಿಬೈ–ಹುಕೆಲ್ ಸೀಮಾ ನಿಯಮ 0.69 ಕೊಡುತ್ತದೆ, ಇಷ್ಟು ಸಾರತೆಗೆ ಅದನ್ನು ಹಚ್ಚಬಾರದೆಂದು ಕೈಪಿಡಿಯಲ್ಲಿ ಒಂದು ಮಾತು ಇರಲಿ.

ಹೈಡ್ರೋಜನ್ ಒತ್ತಡದ ತಿದ್ದುಪಡಿಯೂ ಕಾಣುತ್ತಿಲ್ಲ. ಬೆಂಗಳೂರಿನಲ್ಲಿ ವಾಯುಭಾರ ಸುಮಾರು 683 ಮಿ.ಮೀ. ಪಾದರಸ. 25 ಡಿಗ್ರಿಯಲ್ಲಿ ನೀರಾವಿಯ 24 ಕಳೆದರೆ ಹೈಡ್ರೋಜನ್ನಿಗೆ ಉಳಿಯುವುದು 659. 760ಕ್ಕೆ ತರಲು ಸುಮಾರು 1.8 ಮಿಲಿವೋಲ್ಟ್ ಕೂಡಿಸಬೇಕು. ಕೂಡಿಸದಿದ್ದರೆ 0.796 ಬರಬೇಕಾದಲ್ಲಿ 0.82ರ ಮೇಲೆ ಬರುತ್ತದೆ, ವಿದ್ಯಾರ್ಥಿ ವಿದ್ಯುದ್ವಾರವನ್ನು ದೂರುತ್ತಾನೆ. ಈ ಒತ್ತಡದಲ್ಲಿ ಫ್ಯುಗಾಸಿಟಿಯೂ ಒತ್ತಡವೂ ಹೆಚ್ಚುಕಡಿಮೆ ಒಂದೇ, ಅದಕ್ಕೆ ಬೇರೆ ತಿದ್ದುಪಡಿ ಬೇಡ.

— ಮೈಸೂರಿನಿಂದ

*

ಎಲ್ಲರಿಗೂ ವಂದನೆ. ‘ಪಟುತ್ವ’, ‘ಫ್ಯುಗಾಸಿಟಿ’ ಎಂದು ತೀರ್ಮಾನಿಸಿದೆ; ಪದಪಟ್ಟಿಯಲ್ಲಿ ಫ್ಯುಗಾಸಿಟಿಯ ಎದುರು ‘ಪಲಾಯನಶೀಲತೆ’ಯೂ ಇರುತ್ತದೆ. ತಿದ್ದಿದ ಸಾಲು: “ಅಳೆದ ವಿದ್ಯುಚ್ಚಾಲಕ ಬಲವನ್ನು 760 ಮಿ.ಮೀ. ಹೈಡ್ರೋಜನ್ ಒತ್ತಡಕ್ಕೆ ತಂದು, ಅದರಿಂದಲೂ ಆಮ್ಲದ ಮೊಲ್ಯಾಲಿಟಿಯಿಂದಲೂ ಸರಾಸರಿ ಪಟುತ್ವ ಗುಣಾಂಕವನ್ನು ಲೆಕ್ಕಹಾಕಿ.” ಆಕ್ಷೇಪವಿದ್ದವರು ಭಾನುವಾರ ರಾತ್ರಿಯೊಳಗೆ ತಿಳಿಸಿ.

— ಪ್ರಶ್ನೆ ಕೇಳಿದವರು

*

ಪದಪಟ್ಟಿಯಲ್ಲಿ ನುಸುಳುಮೆಯೂ ಇರಲಿ. ಗ್ರಹಾಂ ನಿಯಮಕ್ಕೆ ‘ಸೋರಿಕೆ’ ಸಾಕು.

— ಶಿವಮೊಗ್ಗದಿಂದ