ನಿಮಿರುವಿಕೆ ತೊಂದರೆ: ಮಾತ್ರೆಗೆ ಮೊದಲು ಏನು ನೋಡಿಸಬೇಕು?

ಪ್ರಶ್ನೆ: ನನಗೆ 44 ವರ್ಷ. ಕೆಲವು ತಿಂಗಳಿಂದ ನಿಮಿರುವಿಕೆ ಸರಿಯಾಗಿ ಬರುತ್ತಿಲ್ಲ, ಬಂದರೂ ನಿಲ್ಲುವುದಿಲ್ಲ. ಡಾಕ್ಟರ್ ಹತ್ತಿರ ಹೇಳಿಕೊಳ್ಳಲು ಸಂಕೋಚ. ಮೆಡಿಕಲ್ ಶಾಪ್‌ನಲ್ಲಿ ಮಾತ್ರೆ ಕೇಳಿ ತಗೊಂಡರೆ ಸಾಕಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಉತ್ತರ 1: ಅಣ್ಣಾ, ಮೊದಲು ಶುಗರ್ ನೋಡಿಸಿ. ನನಗೂ ಹೆಚ್ಚುಕಮ್ಮಿ ಇದೇ ವಯಸ್ಸಿನಲ್ಲಿ ಶುರುವಾಯಿತು. ಡಾಕ್ಟರ್ ಬಿಪಿ ನೋಡಿ, ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ), ಕೊಲೆಸ್ಟ್ರಾಲ್ ಟೆಸ್ಟ್ ಬರೆದುಕೊಟ್ಟರು. ಎಚ್‌ಬಿಎ1ಸಿ 6.5 ಮುಟ್ಟಿದರೇ ಡಯಾಬಿಟಿಸ್, ನನ್ನದು 8ರ ಮೇಲಿತ್ತು! ಬಾಯಾರಿಕೆ, ಸುಸ್ತು ಏನೂ ಇರಲಿಲ್ಲ. ಶುಗರ್ ಏರಿದರೆ ನರ, ರಕ್ತನಾಳ ಎರಡೂ ಕೆಡುತ್ತವೆ. ನಿಮಿರಲು ಎರಡೂ ಬೇಕಲ್ವಾ? ಶಿಶ್ನದ ರಕ್ತನಾಳಗಳು ಹೃದಯದ ನಾಳಗಳಿಗಿಂತ ಸಣ್ಣ. ಒಳಗೆ ಕೊಬ್ಬು ಕಟ್ಟತೊಡಗಿದರೆ ಎಷ್ಟೋ ಜನರಿಗೆ ತೊಂದರೆ ಮೊದಲು ಇಲ್ಲೇ ಕಾಣುತ್ತದೆ, ಎದೆನೋವು ವರ್ಷಗಳ ನಂತರ. ಅದಕ್ಕೇ ಹೇಳುತ್ತಿದ್ದೇನೆ, ಮುಚ್ಚಿಡಬೇಡಿ. ಸಿಗರೇಟ್ ಸೇದುತ್ತಿದ್ದರೆ ಇವತ್ತೇ ಬಿಡಿ. ನಾನು ಬಿಟ್ಟೆ, ನಡೆಯಲು ಶುರು ಮಾಡಿದೆ, ಶುಗರ್ ಹಿಡಿತಕ್ಕೆ ಬಂತು. ಪೂರ್ತಿ ಮೊದಲಿನಂತಲ್ಲ, ಆದರೆ ಎಷ್ಟೋ ವಾಸಿ.

ಉತ್ತರ 2: ನನ್ನದು ಬೇರೆ ಥರ. ಮದುವೆಯಾದ ಹೊಸತು. ಬೆಳಿಗ್ಗೆ ಏಳುವಾಗ ಚೆನ್ನಾಗಿಯೇ ನಿಮಿರುತ್ತಿತ್ತು, ಹೆಂಡತಿ ಜೊತೆ ಮಾತ್ರ ಆಗುತ್ತಿರಲಿಲ್ಲ. ಅಂದರೆ ದೇಹ ಸರಿಯಿದೆ, ಭಯ ಅಡ್ಡ ಬರುತ್ತಿದೆ ಎಂದರು ಡಾಕ್ಟರ್. ಹಸ್ತಮೈಥುನದಿಂದ ಧಾತು (ವೀರ್ಯ) ಕಳೆದುಹೋಯಿತು ಎಂದು ಗೆಳೆಯರು ಹೆದರಿಸಿದ್ದರು. ಅದು ಸುಳ್ಳು. ಈ ಭಯ ನಮ್ಮ ಕಡೆ ಎಷ್ಟು ಜಾಸ್ತಿ ಎಂದರೆ, ಮನೋವೈದ್ಯ ಎನ್. ಎನ್. ವಿಗ್ 1960ರಲ್ಲೇ ಅದನ್ನು 'ಧಾತ್ ಸಿಂಡ್ರೋಮ್' ಎಂದು ಕರೆದಿದ್ದರು. ನಮಗೆ ಕೌನ್ಸೆಲಿಂಗ್ ಸಾಕಾಯಿತು.

ಉತ್ತರ 3: ಸರ್, ಹೆಂಡತಿಯಾಗಿ ಒಂದು ಮಾತು. ನಮ್ಮ ಮನೆಯವರು ಏನೂ ಹೇಳದೆ ದೂರ ಮಲಗುತ್ತಿದ್ದರು. ನನ್ನ ಮೇಲೆ ಮನಸ್ಸಿಲ್ಲ ಎಂದು ಸುಮ್ನೆ ಕೊರಗಿದೆ. ನಿಮ್ಮವರಿಗೆ ಹೇಳಿ, ಡಾಕ್ಟರ್ ಹತ್ತಿರ ಜೊತೆಗೇ ಹೋಗಿ.

ಉತ್ತರ 4: ಮೆಡಿಕಲ್ ಶಾಪ್ ನಡೆಸುತ್ತೇನೆ. ನಿಮಿರುವಿಕೆಗೆ ಕೊಡುವ ಸಿಲ್ಡೆನಾಫಿಲ್ ಮಾತ್ರೆ 1998ರಿಂದ ಬಳಕೆಯಲ್ಲಿರುವ ಒಳ್ಳೆಯ ಔಷಧಿಯೇ. ಆದರೆ ಡಾಕ್ಟರ್ ಚೀಟಿ ಇಲ್ಲದೆ ಬೇಡ. ಎದೆನೋವಿಗೆ ಸಾರ್ಬಿಟ್ರೇಟ್‌ನಂಥ ಮಾತ್ರೆ ತಗೊಳ್ಳುವವರು ಇದನ್ನು ನುಂಗಿದರೆ ಬಿಪಿ ಒಮ್ಮೆಲೇ ಕುಸಿದು ಜೀವಕ್ಕೇ ಅಪಾಯ. 'ಗಿಡಮೂಲಿಕೆ' ಎಂದು ಮಾರುವ ಕೆಲವು ಪುಡಿಗಳಲ್ಲೂ ಇದನ್ನೇ ಕದ್ದು ಬೆರೆಸಿರುತ್ತಾರೆ. ಬಿಪಿಯ, ಖಿನ್ನತೆಯ ಕೆಲವು ಮಾತ್ರೆಗಳಿಂದಲೂ ಈ ತೊಂದರೆ ಬರಬಹುದು. ತಗೊಳ್ಳುತ್ತಿದ್ದರೆ ನೀವಾಗಿಯೇ ನಿಲ್ಲಿಸಬೇಡಿ, ಬದಲಿಸಿ ಕೊಡಲು ಆಗುತ್ತದಾ ಎಂದು ಡಾಕ್ಟರನ್ನು ಕೇಳಿ.